ಅತ್ತೆ ಕೊಟ್ಟ ವಂಶವೃಕ್ಷ, ಅಮೆರಿಕದ ಜನಗಣತಿ: ಯಾವುದನ್ನು ಎಷ್ಟು ನಂಬಬೇಕು?

ಪ್ರಶ್ನೆ: ನಾನು ಧಾರವಾಡದ ಕಡೆಯವಳು. ಮದುವೆಯಾಗಿ ಅಮೆರಿಕದ ಅಯೋವಾ ರಾಜ್ಯದಲ್ಲಿದ್ದೇನೆ. ಗಂಡನ ಮನೆಯವರು ಡ್ಯಾವೆನ್‌ಪೋರ್ಟ್ ಇರುವ ಸ್ಕಾಟ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ಹಳೇ ರೈತರು. ‘ನಮ್ಮದು ಪಯೊನಿಯರ್ ಫ್ಯಾಮಿಲಿ’, ಅಂದರೆ ಮೊದಲು ಬಂದು ನೆಲೆಸಿದವರ ಮನೆತನ, ಎಂದು ಹೆಮ್ಮೆಯಿಂದ ಹೇಳುತ್ತಾರೆ. ಅತ್ತೆ ನನಗೆ ಟೈಪ್ ಮಾಡಿದ ಎರಡು ಪುಟದ ವಂಶವೃಕ್ಷ ಮತ್ತು ಒಂದು ದಪ್ಪ ಬೈಬಲ್ ಕೊಟ್ಟಿದ್ದಾರೆ. ಗಂಡನ ಮುತ್ತಜ್ಜನ ಅಜ್ಜ ಜರ್ಮನಿಯ ಹೊಲ್‌ಸ್ಟೈನ್‌ನಿಂದ 1854ರಲ್ಲಿ ಬಂದರು, ಎಲ್ಲಿಸ್ ಐಲ್ಯಾಂಡ್‌ನಲ್ಲಿ ಹೆಸರು ಬದಲಾಯಿತು, ಸರ್ಕಾರ ಹೋಮ್‌ಸ್ಟೆಡ್ ಜಮೀನು ಕೊಟ್ಟಿತು ಎಂದು ಅದರಲ್ಲಿದೆ. ಅವರ ಹೆಂಡತಿ 1844ರಲ್ಲಿ ಓಹಾಯೊದಲ್ಲಿ ಹುಟ್ಟಿದವರಂತೆ. ಆನ್‌ಲೈನ್‌ನಲ್ಲಿ ಅದೇ ಹೆಸರಿನ ಹತ್ತಾರು ವಂಶವೃಕ್ಷಗಳಿವೆ, ಒಂದಕ್ಕೊಂದು ತಾಳೆಯಾಗುವುದಿಲ್ಲ. ಮಗಳಿಗೆ ಸರಿಯಾದದ್ದನ್ನು ಮಾಡಿಕೊಡಬೇಕು. ಎಲ್ಲಿಂದ ಶುರು ಮಾಡಲಿ? ನನ್ನ ತವರಿನ ಕಡೆಯದನ್ನೂ ಹೀಗೆ ಹುಡುಕಬಹುದಾ?

ಉತ್ತರ: ಆ ಎರಡು ಪುಟದಲ್ಲಿರುವ ಎರಡು ಮಾತುಗಳನ್ನು ಈಗಲೇ ಪಕ್ಕಕ್ಕಿಡಬಹುದು.

ವಲಸಿಗರನ್ನು ತಪಾಸಣೆ ಮಾಡುತ್ತಿದ್ದ ನ್ಯೂಯಾರ್ಕ್ ಬಂದರಿನ ಎಲ್ಲಿಸ್ ಐಲ್ಯಾಂಡ್ ಬಾಗಿಲು ತೆರೆದದ್ದು 1892ರ ಜನವರಿ 1ರಂದು. ಅದಕ್ಕೂ ಮೊದಲು ನ್ಯೂಯಾರ್ಕಿನಲ್ಲಿ ವಲಸಿಗರನ್ನು ಇಳಿಸಿಕೊಳ್ಳುತ್ತಿದ್ದ ಕ್ಯಾಸಲ್ ಗಾರ್ಡನ್ ಶುರುವಾದದ್ದೂ 1855ರ ಆಗಸ್ಟ್‌ನಲ್ಲಿ. 1854ರಲ್ಲಿ ಬಂದವರಿಗೆ ಎರಡೂ ಇರಲಿಲ್ಲ. ಅಲ್ಲದೆ ಎಲ್ಲಿಸ್ ಐಲ್ಯಾಂಡಿನ ಗುಮಾಸ್ತರು ಹೆಸರು ಬದಲಾಯಿಸುತ್ತಲೂ ಇರಲಿಲ್ಲ. ಹಡಗಿನವರು ಹೊರಡುವಾಗಲೇ ಬರೆದು ತಂದ ಪಟ್ಟಿಯನ್ನು ಇಟ್ಟುಕೊಂಡು ಗುರುತು ಹಾಕುತ್ತಿದ್ದರು, ಅಷ್ಟೇ. ಹೆಸರು ಬದಲಾಗುತ್ತಿದ್ದದ್ದು ಆಮೇಲೆ, ನಿಧಾನವಾಗಿ. ನೆರೆಯವರ ಬಾಯಲ್ಲಿ, ಶಾಲೆಯ ಹಾಜರಿ ಪುಸ್ತಕದಲ್ಲಿ, ಎಷ್ಟೋ ಸಲ ಅವರವರ ಇಷ್ಟದಂತೆಯೇ.

ನೆಲೆಸಿ ಉಳುವವರಿಗೆ ಸರ್ಕಾರಿ ಜಮೀನನ್ನು ಪುಕ್ಕಟೆ ಕೊಡುವ ಹೋಮ್‌ಸ್ಟೆಡ್ ಕಾಯಿದೆಗೆ ಲಿಂಕನ್ ಸಹಿ ಹಾಕಿದ್ದು 1862ರ ಮೇ 20ರಂದು, ಜಾರಿಗೆ ಬಂದದ್ದು 1863ರ ಜನವರಿ 1ಕ್ಕೆ. 1854ರಲ್ಲಿ ಆ ಹೆಸರಿನಲ್ಲಿ ಜಮೀನು ಸಿಗುವುದು ಹೇಗೆ? ಸರ್ಕಾರಿ ಜಮೀನಾದರೆ ಆಗ ದುಡ್ಡು ಕೊಟ್ಟು ಕೊಳ್ಳಬೇಕಿತ್ತು, ಎಕರೆಗೆ ಕನಿಷ್ಠ ಒಂದೂಕಾಲು ಡಾಲರ್. ಇಲ್ಲವೇ ಹಳೇ ಸೈನಿಕರಿಗೆ ಸರ್ಕಾರ ಕೊಟ್ಟಿದ್ದ ಭೂಮಿಯ ವಾರಂಟನ್ನು (ಇಷ್ಟು ಎಕರೆ ಪಡೆಯಬಹುದು ಎಂಬ ಚೀಟಿ) ಅವರಿಂದ ಕೊಂಡು ಬಳಸಬೇಕಿತ್ತು. ಅಯೋವಾದ ಬಹಳಷ್ಟು ಜಮೀನು ಹೋದದ್ದು ಹೀಗೆ. ಇಲ್ಲೊಂದು ಗುಂಡಿ ಇದೆ, ಬೀಳಬೇಡಿ. ವಾರಂಟಿನ ಮೇಲೆ ಕೊಟ್ಟ ಹಕ್ಕುಪತ್ರದಲ್ಲಿ ಮೊದಲು ಸೈನಿಕನ ಹೆಸರೋ ಅವನ ವಿಧವೆಯ ಹೆಸರೋ ಬರುತ್ತದೆ, ಆಮೇಲೆ ಅದನ್ನು ಕೊಂಡವನ ಹೆಸರು. ಇದನ್ನು ನೋಡಿ ‘ನಮ್ಮ ಪೂರ್ವಜ 1812ರ ಯುದ್ಧದಲ್ಲಿದ್ದ’ ಎಂದು ಬರೆದುಕೊಂಡ ಕುಟುಂಬಗಳು ಬೇಕಾದಷ್ಟಿವೆ. ಆ ಸೈನಿಕನಿಗೂ ಇವರಿಗೂ ಸಂಬಂಧವೇ ಇರುವುದಿಲ್ಲ.

ಸ್ಕಾಟ್ ಕೌಂಟಿ ಮಿಸಿಸಿಪ್ಪಿ ನದಿಯ ದಂಡೆಯಲ್ಲಿದೆ. ಅಲ್ಲಿ 1833ರಿಂದಲೇ ಜನ ಬಂದು ನೆಲೆಸಿದ್ದರು. ಹಾಗಾಗಿ 1854ರ ಹೊತ್ತಿಗೆ ಬಂದವರು ಮೊದಲೇ ಹಿಡಿದಿದ್ದವರ ಕೈಯಿಂದ ಜಮೀನು ಕೊಂಡಿರುವ ಸಾಧ್ಯತೆ ಜಾಸ್ತಿ. ಆ ಕ್ರಯಪತ್ರ ಕೌಂಟಿಯ ರೆಕಾರ್ಡರ್ ಕಚೇರಿಯಲ್ಲಿ ದಾಖಲಾಗಿರುತ್ತದೆ. ಸರ್ಕಾರದಿಂದ ನೇರ ಬಂದ ಹಕ್ಕುಪತ್ರಗಳಾದರೆ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್‌ನ ತಾಣದಲ್ಲಿ ಪುಕ್ಕಟೆ ಸಿಗುತ್ತವೆ.

ಹಾಗಂತ ಅತ್ತೆ ಸುಳ್ಳು ಬರೆದರು ಎಂದಲ್ಲ. ಅವರಿಗೆ ಯಾರೋ ಹೇಳಿದ್ದು, ಆ ಯಾರಿಗೋ ಇನ್ಯಾರೋ ಹೇಳಿದ್ದು. ಇಡೀ ಕೆಲಸದಲ್ಲಿ ನೀವು ಕೇಳಬೇಕಾದದ್ದು ಒಂದೇ ಪ್ರಶ್ನೆ: ಈ ಮಾತು ಯಾರು ಹೇಳಿದ್ದು, ಯಾವಾಗ ಹೇಳಿದ್ದು? ವಂಶವೃಕ್ಷಕ್ಕೆ ಮಾತ್ರವಲ್ಲ, ಸರ್ಕಾರಿ ಮೊಹರು ಇರುವ ಕಾಗದಕ್ಕೂ ಅದೇ ಪ್ರಶ್ನೆ ಹಾಕಿ. ಮರಣ ಪ್ರಮಾಣಪತ್ರದಲ್ಲಿ ಸತ್ತ ದಿನಾಂಕ ಡಾಕ್ಟರು ಬರೆದದ್ದು, ನಂಬಬಹುದು. ಅದೇ ಹಾಳೆಯಲ್ಲಿರುವ ಹುಟ್ಟಿದ ದಿನಾಂಕ, ಅಪ್ಪ ಅಮ್ಮನ ಹೆಸರು? ಅದನ್ನು ಹೇಳಿದ್ದು ಅಳುತ್ತಾ ನಿಂತಿದ್ದ ಅಳಿಯನೋ ಮೊಮ್ಮಗನೋ ಆಗಿರಬಹುದು. ಆ ಪ್ರಮಾಣಪತ್ರದಲ್ಲೇ ಮಾಹಿತಿ ಕೊಟ್ಟವರ ಹೆಸರಿಗೊಂದು ಜಾಗ ಇರುತ್ತದೆ. ಮೊದಲು ಅದನ್ನು ನೋಡಿ.

ಇನ್ನು ಜನಗಣತಿ. ನಮಗೆ ಜನಗಣತಿ ಅಂದರೆ ಬರೀ ಅಂಕಿ ಅಂಶ, ಅಲ್ವಾ? ಭಾರತದಲ್ಲಿ ಯಾರ ಮನೆಯಲ್ಲಿ ಯಾರಿದ್ದರು ಎಂಬ ಹಾಳೆಯನ್ನು ಯಾರೂ ನೋಡುವಂತಿಲ್ಲ. 1948ರ ಜನಗಣತಿ ಕಾಯಿದೆಯೇ ಅದಕ್ಕೆ ಅಡ್ಡ. ಅಮೆರಿಕದಲ್ಲಿ 72 ವರ್ಷ ಕಳೆದ ಮೇಲೆ ಹೆಸರು ಸಮೇತ ಹಾಳೆಗಳು ಸಾರ್ವಜನಿಕ. 1950ರ ಗಣತಿ 2022ರ ಏಪ್ರಿಲ್ 1ಕ್ಕೆ ಹೊರಬಂತು. ಹಾಗಾಗಿ ಶುರು ಮಾಡಬೇಕಾದದ್ದು 1854ರಿಂದ ಅಲ್ಲ, 1950ರಿಂದ. ನಿಮ್ಮ ಮಾವನೋ ಅವರ ಅಪ್ಪನೋ ಇರುವ ಮನೆಯನ್ನು ಅಲ್ಲಿ ಹಿಡಿಯಿರಿ. ಅಲ್ಲಿಂದ ಹತ್ತತ್ತು ವರ್ಷ ಹಿಂದಕ್ಕೆ ಹೋಗಿ. ಎಲ್ಲರಿಗೂ ಮೊದಲು ಬಂದ ಹಿರಿಯನನ್ನು ಹುಡುಕುವ ಆತುರ. ಅಲ್ಲಿಂದ ಕೆಳಗೆ ಇಳಿಯಲು ಹೋದರೆ ಅದೇ ಹೆಸರಿನ ಬೇರೆಯವನನ್ನು ಅಪ್ಪಿಕೊಳ್ಳುವುದು ಗ್ಯಾರಂಟಿ.

ಎಲ್ಲ ವರ್ಷದ ಗಣತಿಯೂ ಒಂದೇ ಪ್ರಶ್ನೆ ಕೇಳಿಲ್ಲ. 1790ರಿಂದ 1840ರವರೆಗೆ ಮನೆಯ ಯಜಮಾನನ ಹೆಸರು ಮಾತ್ರ ಇದೆ, ಉಳಿದವರು ಬರೀ ಲೆಕ್ಕ. 1850ರಲ್ಲಿ ಮೊದಲ ಸಲ ಸ್ವತಂತ್ರರಾಗಿದ್ದ ಪ್ರತಿಯೊಬ್ಬರ ಹೆಸರು, ವಯಸ್ಸು, ಹುಟ್ಟಿದ ರಾಜ್ಯ ಬಂತು. ಗುಲಾಮರಾಗಿದ್ದವರನ್ನು ಆಗಲೂ ಬೇರೆ ಹಾಳೆಯಲ್ಲಿ, ಹೆಚ್ಚಿನ ಕಡೆ ಹೆಸರೇ ಇಲ್ಲದೆ, ಒಡೆಯನ ಹೆಸರಿನ ಕೆಳಗೆ ಬರೆದರು. ಯಜಮಾನನಿಗೆ ಇವರು ಏನಾಗಬೇಕು ಎಂಬ ಕಾಲಂ ಬಂದದ್ದು 1880ರಲ್ಲಿ. ಅಪ್ಪ ಅಮ್ಮ ಎಲ್ಲಿ ಹುಟ್ಟಿದವರು ಎಂಬುದೂ ಅದೇ ವರ್ಷ ಸೇರಿತು. 1900ರದು ನನ್ನ ಮೆಚ್ಚಿನದು. ಹುಟ್ಟಿದ ತಿಂಗಳು ಮತ್ತು ವರ್ಷ, ಮದುವೆಯಾಗಿ ಎಷ್ಟು ವರ್ಷ, ಹೊರದೇಶದವರಾದರೆ ಬಂದ ವರ್ಷ, ಎಲ್ಲ ಇದೆ. ಜೊತೆಗೆ ಹೆಂಗಸರಿಗೆ ಎರಡು ಪ್ರಶ್ನೆ: ಎಷ್ಟು ಮಕ್ಕಳನ್ನು ಹೆತ್ತಿರಿ, ಎಷ್ಟು ಮಂದಿ ಬದುಕಿದ್ದಾರೆ. ‘9’, ‘6’ ಎಂದು ಎರಡು ಅಂಕಿ ಇರುತ್ತವೆ. ನಿಮ್ಮ ವಂಶವೃಕ್ಷದಲ್ಲಿ ಏಳೇ ಮಕ್ಕಳಿದ್ದರೆ ಇನ್ನಿಬ್ಬರು ಎಲ್ಲೋ ಚರ್ಚಿನ ಸಮಾಧಿ ಪುಸ್ತಕದಲ್ಲಿದ್ದಾರೆ ಎಂದರ್ಥ. ಸತ್ತ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡುವುದು ಆಗ ಸಾಮಾನ್ಯವಾಗಿತ್ತು, ಅದನ್ನೂ ನೆನಪಿಡಿ.

ಈಗ ಓಹಾಯೊದಲ್ಲಿ ಹುಟ್ಟಿದ ಆ ಹೆಂಗಸಿಗೆ ಬರೋಣ. ಎಲ್ಲರೂ ಗಂಡಿನ ಹೆಸರಿನ ಹಿಂದೆ ಹೋಗುತ್ತಾರೆ. ಅಮೆರಿಕದ ‘ಪಯೊನಿಯರ್’ ಕಥೆ ನಿಜವಾಗಿ ಇರುವುದು ಈಕೆಯ ತವರಿನಲ್ಲಿ ಎಂದು ನನ್ನ ಅಂದಾಜು. ಆಕೆ 1860ರಲ್ಲಿ ಹದಿನಾರರ ಹುಡುಗಿ, ಇನ್ನೂ ಅಪ್ಪನ ಮನೆಯಲ್ಲೇ ಇರಬೇಕು. ತವರಿನ ಹೆಸರು ಬೈಬಲಿನಲ್ಲಿ ಇಲ್ಲದಿದ್ದರೆ ಕೌಂಟಿಯ ಮದುವೆ ಪುಸ್ತಕದಲ್ಲಿ ಸಿಗುತ್ತದೆ. ಅದು ಸಿಕ್ಕ ಮೇಲೆ 1860ರ ಹಾಳೆ ತೆಗೆಯಿರಿ. ಅಂಥ ಹಾಳೆಯಲ್ಲಿ ಏನಿರಬಹುದು ಎಂಬುದಕ್ಕೆ ಒಂದು ಮಾದರಿ ಹೇಳುತ್ತೇನೆ. ಅಪ್ಪ 42, ಪೆನ್ಸಿಲ್ವೇನಿಯ. ಹೆಂಗಸು 33, ಇಂಡಿಯಾನ. ಮಕ್ಕಳು 16 ಓಹಾಯೊ, 13 ಓಹಾಯೊ, 9 ಇಂಡಿಯಾನ, 6 ಇಂಡಿಯಾನ, 3 ಅಯೋವಾ.

ಇಷ್ಟರಲ್ಲೇ ಕುಟುಂಬ ನಡೆದ ದಾರಿ ಇದೆ ನೋಡಿ. ಗಣತಿಯ ಲೆಕ್ಕಕ್ಕೆ ದಿನ ಜೂನ್ 1. ಎರಡನೆಯ ಮಗು ಹುಟ್ಟಿದ್ದು 1847ರ ಸುಮಾರಿಗೆ ಓಹಾಯೊದಲ್ಲಿ, ಮೂರನೆಯದು 1851ರ ಸುಮಾರಿಗೆ ಇಂಡಿಯಾನದಲ್ಲಿ. ಅಂದರೆ ಆ ನಡುವೆ ಗಂಟುಮೂಟೆ ಕಟ್ಟಿದ್ದಾರೆ. 6 ವರ್ಷದ ಮಗುವಿಗೂ 3 ವರ್ಷದ ಮಗುವಿಗೂ ನಡುವೆ, 1854ರಿಂದ 1857ರ ಒಳಗೆ, ಅಯೋವಾಕ್ಕೆ ಬಂದಿದ್ದಾರೆ. ಇಲ್ಲಿ ಅಯೋವಾದ 1856ರ ರಾಜ್ಯ ಗಣತಿ ಕೈಹಿಡಿಯುತ್ತದೆ. ‘ಈ ರಾಜ್ಯಕ್ಕೆ ಬಂದು ಎಷ್ಟು ವರ್ಷ’ ಎಂದು ಅದು ಕೇಳಿತ್ತು. ಅಲ್ಲಿ ‘1’ ಎಂದಿದ್ದರೆ ಬಂದದ್ದು 1855ರಲ್ಲಿ.

ಆದರೆ ಈ ಮಾದರಿಯನ್ನು ಇನ್ನೊಮ್ಮೆ ನೋಡಿ. ಮಕ್ಕಳ ನಡುವೆ ಮೂರು ಮೂರು ವರ್ಷದ ಅಂತರ. 13ಕ್ಕೂ 9ಕ್ಕೂ ನಡುವೆ ಮಾತ್ರ ನಾಲ್ಕು. ಅಲ್ಲೇ ಊರೂ ಬದಲಾಗಿದೆ. ಹೆಂಗಸು ಇಂಡಿಯಾನದವಳು, ದೊಡ್ಡ ಮಗಳು ಹುಟ್ಟಿದಾಗ ಇವಳಿಗೆ ಬರೀ 17. ಆಗದ ಮಾತೇನಲ್ಲ. ಆದರೂ ನನಗಾದರೆ ಅನುಮಾನ ಬರುತ್ತದೆ. 1860ರ ಗಣತಿ ಈಕೆಯನ್ನು ಹೆಂಡತಿ ಎಂದಾಗಲಿ, ತಾಯಿ ಎಂದಾಗಲಿ ಹೇಳುವುದಿಲ್ಲ. ಆ ಕಾಲಂ ಇನ್ನೂ ಹುಟ್ಟಿಲ್ಲ. ಯಜಮಾನನ ಹೆಸರಿನ ಕೆಳಗೆ ಒಬ್ಬ ಹೆಂಗಸಿನ ಹೆಸರಿದೆ, ಅಷ್ಟೇ. ಮೊದಲ ಹೆಂಡತಿ ಓಹಾಯೊದಲ್ಲಿ ಬಾಣಂತನದಲ್ಲಿ ತೀರಿಕೊಂಡು, ಇಂಡಿಯಾನದಲ್ಲಿ ಎರಡನೆಯ ಮದುವೆಯಾಗಿ, ಈಕೆ ಮಲತಾಯಿಯಾಗಿ ಬಂದಿರಬಹುದು. ಈಕೆ ತಂಗಿಯೋ ವಿಧವೆ ಅತ್ತಿಗೆಯೋ ಆಗಿರುವುದೂ ಉಂಟು. ಆನ್‌ಲೈನ್ ವಂಶವೃಕ್ಷಗಳು ಒಂದಕ್ಕೊಂದು ತಾಳೆಯಾಗದಿರುವುದಕ್ಕೆ ಇದು ದೊಡ್ಡ ಕಾರಣ. ಒಬ್ಬರು 1850ರ ಹೆಂಡತಿಯನ್ನು ಹಿಡಿದಿರುತ್ತಾರೆ, ಇನ್ನೊಬ್ಬರು 1860ರವಳನ್ನು.

ಬಿಡಿಸುವುದು ಹೇಗೆ? ಮೊದಲು 1850ರ ಹಾಳೆ. ಅಲ್ಲಿ ಹೆಂಗಸಿನ ಹೆಸರು, ವಯಸ್ಸು, ಹುಟ್ಟಿದ ರಾಜ್ಯ ಇದಕ್ಕೆ ಹೊಂದುತ್ತದಾ ನೋಡಿ. 1850ರಿಂದ 1880ರವರೆಗಿನ ಗಣತಿಗಳ ಜೊತೆ, ಹಿಂದಿನ ಹನ್ನೆರಡು ತಿಂಗಳಲ್ಲಿ ಸತ್ತವರ ಪಟ್ಟಿಯನ್ನೂ ಬೇರೆಯಾಗಿ ಮಾಡಿದ್ದರು. ಅದರಲ್ಲಿ ಸಾವಿನ ತಿಂಗಳು, ಕಾರಣ ಎರಡೂ ಇವೆ. ಅದೃಷ್ಟವಿದ್ದರೆ ಮೊದಲ ಹೆಂಡತಿ ಅಲ್ಲಿ ಸಿಗುತ್ತಾಳೆ. ಎಲ್ಲಕ್ಕಿಂತ ಗಟ್ಟಿ ಓಹಾಯೊದ ಕ್ರಯಪತ್ರ. ಊರು ಬಿಡುವವನು ಜಮೀನು ಮಾರಿಯೇ ಹೋಗುತ್ತಾನೆ. ಗಂಡನ ಆಸ್ತಿಯಲ್ಲಿ ಹೆಂಡತಿಗೆ ಹಕ್ಕಿದ್ದುದರಿಂದ, ಅದನ್ನು ಬಿಟ್ಟುಕೊಟ್ಟೆ ಎಂದು ಆಕೆಯ ಹೆಸರೂ ಸಾಮಾನ್ಯವಾಗಿ ಪತ್ರದಲ್ಲಿರುತ್ತದೆ. ಮಾರಿದ ತಾರೀಕು, ಆ ದಿನ ಹೆಂಡತಿ ಯಾರು, ಎರಡೂ ಒಂದೇ ಕಡೆ ಸಿಕ್ಕವು. ಜನಗಣತಿಯವನು ಮನೆಯಲ್ಲಿ ಯಾರೂ ಇಲ್ಲದಿದ್ದರೆ ನೆರೆಯವರನ್ನು ಕೇಳಿ ಬರೆದುಕೊಂಡು ಹೋಗಿರಬಹುದು. ಜಮೀನು ಪತ್ರದಲ್ಲಿ ಹಾಗಾಗುವುದಿಲ್ಲ, ದುಡ್ಡಿನ ವ್ಯವಹಾರ ನೋಡಿ!

ಮುಂದೆ 1890ರಲ್ಲಿ ಒಂದು ದೊಡ್ಡ ತೂತು ಬರುತ್ತದೆ, ಗಾಬರಿಯಾಗಬೇಡಿ. 1921ರ ಜನವರಿಯಲ್ಲಿ ವಾಷಿಂಗ್ಟನ್ನಿನ ವಾಣಿಜ್ಯ ಇಲಾಖೆ ಕಟ್ಟಡಕ್ಕೆ ಬೆಂಕಿ ಬಿದ್ದು 1890ರ ಹಾಳೆಗಳು ಸುಟ್ಟವು, ನೆನೆದವು. ಉಳಿದದ್ದನ್ನೂ 1930ರ ದಶಕದಲ್ಲಿ ಸರ್ಕಾರವೇ ನಾಶ ಮಾಡಿತು. ಕೋಟಿಗಟ್ಟಲೆ ಜನರಲ್ಲಿ ಈಗ ಉಳಿದಿರುವುದು ಆರು ಸಾವಿರ ಚಿಲ್ಲರೆ ಹೆಸರು. 1881ರಲ್ಲಿ ಹುಟ್ಟಿ 1899ರಲ್ಲಿ ಮನೆಬಿಟ್ಟ ಮಗ ಯಾವ ಕೇಂದ್ರ ಗಣತಿಯಲ್ಲೂ ಅಪ್ಪ ಅಮ್ಮನ ಜೊತೆ ಕಾಣುವುದಿಲ್ಲ. ನೀವು ಅಯೋವಾದಲ್ಲಿರುವುದು ಇಲ್ಲಿ ಲಾಭ. ರಾಜ್ಯವೇ 1885ರಲ್ಲಿ, 1895ರಲ್ಲಿ, ಆಮೇಲೆ 1905, 1915, 1925ರಲ್ಲಿ ಎಣಿಸಿದೆ. 1925ರದನ್ನಂತೂ ಬಿಡಲೇಬೇಡಿ. ಅದರಲ್ಲಿ ಪ್ರತಿಯೊಬ್ಬರ ಅಪ್ಪನ ಹೆಸರು, ಅಮ್ಮನ ತವರಿನ ಹೆಸರು, ಅವರು ಮದುವೆಯಾದ ಸ್ಥಳ ಕೇಳಿದ್ದಾರೆ. ಆಗ ಎಪ್ಪತ್ತರ ಮೇಲಿದ್ದ ಮುದುಕರೂ ಉತ್ತರ ಕೊಟ್ಟಿದ್ದಾರೆ, ಅಂದರೆ 1850ರ ಹಿಂದಿನ ಹೆಸರುಗಳು 1925ರ ಹಾಳೆಯಲ್ಲಿ ಸಿಗುತ್ತವೆ.

ಹೆಸರು ಹುಡುಕುವಾಗ ಅಕ್ಷರಕ್ಕೆ ಜೋತು ಬೀಳಬೇಡಿ. ಜರ್ಮನಿಯ ಮುಲ್ಲರ್ ಇಲ್ಲಿ ಮಿಲ್ಲರ್ ಆದದ್ದು ಲೆಕ್ಕವಿಲ್ಲದಷ್ಟು. ಒಂದೇ ಥರ ಕೇಳಿಸುವ ಹೆಸರುಗಳನ್ನು ಒಂದೇ ಸಂಕೇತದಡಿ ಸೇರಿಸುವ ಸೌಂಡೆಕ್ಸ್ ಎಂಬ ಹಳೇ ಪದ್ಧತಿಯಲ್ಲಿ ಎರಡಕ್ಕೂ ಒಂದೇ ಸಂಕೇತ, ಎಂ-460. ಹಳೇ ಕೈಬರಹ ಓದಿ ಸೂಚಿ ಮಾಡಿದವರು ಇನ್ನಷ್ಟು ಕೆಡಿಸಿರುತ್ತಾರೆ. ಸಿಗದಿದ್ದರೆ ಮನೆತನದ ಹೆಸರನ್ನೇ ಬಿಟ್ಟುಬಿಡಿ. ಕೌಂಟಿ, ಸುಮಾರು ವಯಸ್ಸು, ಹುಟ್ಟಿದ ದೇಶ, ಮಗುವಿನ ಹೆಸರು ಇಷ್ಟನ್ನೇ ಹಾಕಿ. ಸಿಕ್ಕ ಮೇಲೆ ಆ ಒಂದು ಸಾಲು ನೋಡಿ ಮುಚ್ಚಬೇಡಿ, ಹಿಂದೆ ಮುಂದೆ ಎರಡೆರಡು ಪುಟ ಓದಿ. ಆಗಿನ ಜನ ಒಂಟಿಯಾಗಿ ವಲಸೆ ಹೋದದ್ದು ಕಡಿಮೆ. ಅಕ್ಕಪಕ್ಕದ ಹೊಲದವನು ಭಾವಮೈದುನನೋ ಅದೇ ಊರಿನವನೋ ಆಗಿರುತ್ತಾನೆ. ಫ್ಯಾಮಿಲಿಸರ್ಚ್ ತಾಣ ಪುಕ್ಕಟೆ, ಅದರಲ್ಲೇ ಶುರು ಮಾಡಿ. ದುಡ್ಡು ಕೊಡುವ ತಾಣಗಳನ್ನು ಆಮೇಲೆ ನೋಡಿದರಾಯಿತು.

ಹೊಲ್‌ಸ್ಟೈನ್ ವಿಷಯದಲ್ಲಿ ಅತ್ತೆಯ ಮಾತು ನಂಬುವಂಥದ್ದೇ. ಡೆನ್ಮಾರ್ಕಿನ ವಿರುದ್ಧ 1848ರಲ್ಲಿ ಶುರುವಾದ ಯುದ್ಧದ ನಂತರ ಆ ಕಡೆಯವರು ಡ್ಯಾವೆನ್‌ಪೋರ್ಟಿಗೆ ಗುಂಪುಗುಂಪಾಗಿ ಬಂದರು. ಆದರೆ ಗಣತಿಯಲ್ಲಿ ಒಬ್ಬನೇ ಮನುಷ್ಯ ಹತ್ತು ವರ್ಷಕ್ಕೊಂದು ದೇಶದಲ್ಲಿ ಹುಟ್ಟಿರುತ್ತಾನೆ! 1860ರಲ್ಲಿ ಹೊಲ್‌ಸ್ಟೈನ್ ಅಥವಾ ಡೆನ್ಮಾರ್ಕ್, 1870ರಲ್ಲಿ ಪ್ರಷ್ಯ ಎಂಬ ಜರ್ಮನ್ ರಾಜ್ಯ, 1900ರಲ್ಲಿ ಜರ್ಮನಿ. ಮೂರೂ ಒಬ್ಬನೇ ಇರಬಹುದು. ಹೊಲ್‌ಸ್ಟೈನ್ 1864ರ ಯುದ್ಧದವರೆಗೆ ಡೆನ್ಮಾರ್ಕಿನ ದೊರೆಯ ಕೈಯಲ್ಲಿತ್ತು, ಆಮೇಲೆ ಪ್ರಷ್ಯಕ್ಕೆ ಸೇರಿತು, 1871ರಲ್ಲಿ ಜರ್ಮನಿಯೇ ಒಂದಾಯಿತು. ಆಗ ಯಾರು ಆಳುತ್ತಿದ್ದರೋ ಗಣತಿದಾರ ಅವರ ಹೆಸರು ಬರೆದ. ಇದರಿಂದ ನಿಮಗೆ ಇನ್ನೊಂದು ಉಪಕಾರವಾಗಿದೆ. ಡೆನ್ಮಾರ್ಕಿನ ದೊರೆ ಅಲ್ಲಿ 1835, 1840, 1845ರಲ್ಲಿ ಹೆಸರು ಸಮೇತ ಗಣತಿ ಮಾಡಿಸಿದ್ದ. ಹಳ್ಳಿ ಯಾವುದೆಂದು ಗೊತ್ತಾದರೆ ಹುಡುಗನಾಗಿದ್ದ ಆ ಹಿರಿಯ ಅಪ್ಪ ಅಮ್ಮನ ಜೊತೆ ಅಲ್ಲಿ ಸಿಗಬಹುದು.

ಹಳ್ಳಿಯ ಹೆಸರು ಅಮೆರಿಕದ ಗಣತಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅದಕ್ಕೆ ಡ್ಯಾವೆನ್‌ಪೋರ್ಟಿನ ಜರ್ಮನ್ ಪತ್ರಿಕೆಗಳ ಮರಣವಾರ್ತೆ ನೋಡಿ, ಲೂಥರನ್ ಚರ್ಚಿನ ಪುಸ್ತಕ ನೋಡಿ. ಹ್ಯಾಂಬರ್ಗ್ ಬಂದರಿನ ಪ್ರಯಾಣಿಕರ ಪಟ್ಟಿಗಳು 1850ರಿಂದ ಇವೆ, ಅದರಲ್ಲಿ ಎಲ್ಲಿಂದ ಹೊರಟವರು ಎಂದು ಬರೆದಿರುತ್ತಾರೆ. ಇಳಿದ ಬಂದರು ನ್ಯೂಯಾರ್ಕೇ ಎಂದು ಹಟ ಹಿಡಿಯಬೇಡಿ. ಚಿಕಾಗೊ ಕಡೆಯಿಂದ ರೈಲು ಮಿಸಿಸಿಪ್ಪಿ ದಂಡೆಯ ರಾಕ್ ಐಲ್ಯಾಂಡಿಗೆ ಮುಟ್ಟಿದ್ದೇ 1854ರ ಫೆಬ್ರುವರಿಯಲ್ಲಿ. ಅಲ್ಲಿಯವರೆಗೆ ನ್ಯೂ ಆರ್ಲಿಯನ್ಸ್‌ನಲ್ಲಿ ಇಳಿದು ಉಗಿದೋಣಿ ಹತ್ತಿ ಮೇಲೆ ಬರುವವರು ಬಹಳ.

ಇನ್ನು ಬೈಬಲ್. ಮನೆಯವರ ಹುಟ್ಟು, ಮದುವೆ, ಸಾವು ಬರೆದ ಪುಟಗಳು ಹೆಚ್ಚಾಗಿ ಹಳೆಯ ಮತ್ತು ಹೊಸ ಒಡಂಬಡಿಕೆಯ ನಡುವೆ ಇರುತ್ತವೆ. ಅದಕ್ಕೂ ಮೊದಲು ಶೀರ್ಷಿಕೆ ಪುಟ ತೆಗೆದು ಅಚ್ಚಾದ ವರ್ಷ ನೋಡಿ. ಬೈಬಲ್ ಅಚ್ಚಾದದ್ದು 1873, ಮೊದಲ ದಾಖಲೆ 1819 ಎಂದಿದ್ದರೆ, ಆ ಹಳೇ ದಿನಾಂಕಗಳನ್ನು ಯಾರೋ ನೆನಪಿನಿಂದಲೋ ಇನ್ನೊಂದು ಪುಸ್ತಕದಿಂದಲೋ ಇಳಿಸಿದ್ದಾರೆ. ಹತ್ತು ಮಕ್ಕಳ ಹುಟ್ಟು ಒಂದೇ ಶಾಯಿ, ಒಂದೇ ಕೈ, ಒಂದೇ ಓರೆಯಲ್ಲಿದ್ದರೂ ಅದೇ ಕಥೆ, ಒಂದೇ ಸಲ ಕೂತು ಬರೆದದ್ದು. ಶಾಯಿ ಬದಲಾಗುತ್ತಾ, ಕೈ ನಡುಗುತ್ತಾ ಹೋಗಿದ್ದರೆ ಆಗಾಗ ಬರೆದದ್ದು, ಅದಕ್ಕೆ ಬೆಲೆ ಜಾಸ್ತಿ. ಶೀರ್ಷಿಕೆ ಪುಟದ ಸಮೇತ ಎಲ್ಲದರ ಫೋಟೊ ತೆಗೆದಿಡಿ. ನಡುವೆ ಸಿಕ್ಕಿಸಿದ ಚೀಟಿ, ಪತ್ರಿಕೆ ತುಣುಕುಗಳನ್ನು ಯಾವ ಪುಟದಲ್ಲಿದ್ದವು ಎಂದು ಗುರುತು ಮಾಡದೆ ತೆಗೆಯಬೇಡಿ. ಪುಟಗಳೇ ಕಿತ್ತು ಹೋಗಿವೆಯಾ? ಮನೆಯಲ್ಲಿ ಯಾರಾದರೂ ಅಂತರ್ಯುದ್ಧದಲ್ಲಿ ಹೋರಾಡಿದ್ದರೆ ಆ ಪುಟ ವಾಷಿಂಗ್ಟನ್ನಿನ ನ್ಯಾಷನಲ್ ಆರ್ಕೈವ್ಸ್‌ನ ಪಿಂಚಣಿ ಕಡತದಲ್ಲಿ ಇರಬಹುದು. ಮದುವೆಗೆ ಬೇರೆ ಪುರಾವೆ ಇಲ್ಲದ ವಿಧವೆಯರು ಬೈಬಲಿನ ಹಾಳೆಯನ್ನೇ ಹರಿದು ಅರ್ಜಿಯ ಜೊತೆ ಕಳಿಸಿದ್ದುಂಟು.

ಆನ್‌ಲೈನ್‌ನ ಹತ್ತಾರು ವಂಶವೃಕ್ಷಗಳನ್ನು ಸುಳಿವಿಗೆ ಮಾತ್ರ ಬಳಸಿ. ಹತ್ತು ಜನ ಒಂದೇ ದಿನಾಂಕ ಕೊಟ್ಟಿದ್ದಾರೆ ಎಂದರೆ ಒಂಬತ್ತು ಜನ ಒಬ್ಬರಿಂದ ನಕಲು ಮಾಡಿದ್ದಾರೆ ಎಂದೇ ಹೆಚ್ಚಿನ ಸಲ ಅರ್ಥ. 1870-80ರ ದಶಕಗಳಲ್ಲಿ ಅಚ್ಚಾದ ದಪ್ಪ ಕೌಂಟಿ ಚರಿತ್ರೆಗಳೂ ಹಾಗೆಯೇ. ಪುಸ್ತಕಕ್ಕೆ ಮುಂಗಡ ಚಂದಾ ಕೊಟ್ಟವರ ಜೀವನಚರಿತ್ರೆ ಅದರಲ್ಲಿ ಬಲು ಸೊಗಸಾಗಿ ಬರುತ್ತಿತ್ತು.

ಮಗಳಿಗೆ ಕೊಡುವ ಪುಸ್ತಕದಲ್ಲಿ ‘ಮೊದಲು ಬಂದವರು’ ಎಂದು ಬರೆಯುವ ಮುಂಚೆ ಇನ್ನೊಂದು ಪುಟ ಸೇರಿಸಿ. ಸ್ಕಾಟ್ ಕೌಂಟಿಯ ನೆಲ, ಸಾಕ್ ಮತ್ತು ಮೆಸ್ಕ್ವಾಕಿ ಎಂಬ ಮೂಲನಿವಾಸಿ ಜನರನ್ನು ಯುದ್ಧದಲ್ಲಿ ಸೋಲಿಸಿ 1832ರ ಒಪ್ಪಂದದಲ್ಲಿ ಅವರಿಂದ ಕಿತ್ತುಕೊಂಡದ್ದು. ಮೆಸ್ಕ್ವಾಕಿಗಳು 1857ರಲ್ಲಿ ತಮ್ಮದೇ ದುಡ್ಡು ಕೊಟ್ಟು ಟಾಮಾ ಕೌಂಟಿಯಲ್ಲಿ 80 ಎಕರೆ ವಾಪಸ್ ಕೊಂಡರು, ಇಂದಿಗೂ ಅಲ್ಲೇ ಇದ್ದಾರೆ. ನಿಮ್ಮ ಹಿರಿಯರು ಹೊಲ ಕೊಂಡದ್ದೂ ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ. ಮಗಳು ಎರಡನ್ನೂ ಓದಲಿ.

ನಿಮ್ಮ ತವರಿನ ಕಡೆಗೆ ಈ ದಾರಿ ನಡೆಯುವುದಿಲ್ಲ, ಗಣತಿಯ ಹಾಳೆ ಸಿಗುವುದಿಲ್ಲವಲ್ಲ. ಅಲ್ಲಿ ಪಹಣಿ, ವಾರಸಾ ದಾಖಲೆ, ಶಾಲೆಯ ದಾಖಲಾತಿ ಪುಸ್ತಕ ನೋಡಬೇಕು. ಉತ್ತರ ಕರ್ನಾಟಕದ ಊರಾದ್ದರಿಂದ ನಿಮ್ಮ ಮನೆಗೆ ಹೆಳವರು ಬರುತ್ತಿದ್ದರಾ ಎಂದು ಮನೆಯ ಹಿರಿಯರನ್ನು ಕೇಳಿ. ಎತ್ತಿನ ಮೇಲೆ ಬಂದು ಮನೆತನದ ಹಿರಿಯರ ಹೆಸರನ್ನು ತಲೆತಲಾಂತರದಿಂದ ಹೇಳುವವರು ಅವರು. ಎಷ್ಟೋ ಮಂದಿ ಅದನ್ನು ಪುಸ್ತಕದಲ್ಲೂ ಬರೆದಿಟ್ಟಿದ್ದಾರೆ. ಮುಂದಿನ ಸಲ ಊರಿಗೆ ಬಂದಾಗ ನಿಮ್ಮ ಮನೆತನದ ಹೆಳವರು ಯಾವ ಊರಲ್ಲಿದ್ದಾರೆ ಎಂದು ಪತ್ತೆ ಮಾಡಿ, ಸುಗ್ಗಿ ಮುಗಿದ ಮೇಲಿನ ದಿನಗಳಲ್ಲಿ ಹೋಗಿ. ಹೆಣ್ಣುಮಕ್ಕಳ ಹೆಸರು ಅವರ ಪುಸ್ತಕದಲ್ಲಿ ಕಡಿಮೆ ಸಿಗಬಹುದು. ಹಾಗಾಗಿ ಅಜ್ಜಿ, ಮುತ್ತಜ್ಜಿಯರ ಹೆಸರು ಮತ್ತು ಅವರ ತವರೂರನ್ನು ಈಗ ಬದುಕಿರುವ ಹಿರಿಯರಿಂದ ಫೋನಿನಲ್ಲೇ ಕೇಳಿ ಬರೆದಿಟ್ಟುಕೊಳ್ಳಿ. ಹೇಳಿದವರು ಯಾರು, ಯಾವ ದಿನ ಹೇಳಿದ್ದು ಎಂಬುದನ್ನೂ ಪಕ್ಕದಲ್ಲೇ ಬರೆಯಿರಿ.